ಮನೆಯಲ್ಲೇ ಹೆರಿಗೆ ಅಂತ ಯೋಚಿಸಿದ್ದೇವೆ, ತಯಾರಿ ಏನೇನು ಬೇಕು?

ಎರಡನೇಇನಿಂಗ್ಸ್
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯುವ ಹಾಗಾಯಿತು.

ನನ್ನ ಹೆಂಡತಿಗೆ ಏಳು ತಿಂಗಳು ತುಂಬಿದೆ. ಎರಡನೇ ಮಗು. ಚೊಚ್ಚಲು ಹೆರಿಗೆ ಆಸ್ಪತ್ರೆಯಲ್ಲಿ ನಾರ್ಮಲ್ ಆಯಿತು, ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಆದರೂ ಆ ದಿನ ನೆನೆಸಿಕೊಂಡರೆ ಅವಳಿಗೆ ಬೇಜಾರು. ಕಣ್ಣು ಕುಕ್ಕುವ ಲೈಟು, ಗಳಿಗೆಗೊಬ್ಬರು ಬಂದು ಒಳಪರೀಕ್ಷೆ ಮಾಡುವುದು, ಮಲಗಿದ ಕಡೆಯಿಂದ ಏಳಬೇಡ ಅನ್ನುವುದು, ನನ್ನನ್ನು ಬಾಗಿಲಾಚೆ ಕೂರಿಸಿದ್ದು. ಈ ಸಲ ಮನೆಯಲ್ಲೇ ಆಗಲಿ ಅನ್ನುತ್ತಿದ್ದಾಳೆ. ನಾನೂ ಹೂಂ ಅಂದಿದ್ದೇನೆ. ತರಬೇತಿ, ಪರವಾನಗಿ ಎರಡೂ ಇರುವ ಮಿಡ್‌ವೈಫ್ ಒಬ್ಬರು ಬರಲು ಒಪ್ಪಿದ್ದಾರೆ.

ಯಾವ ರೂಮು ಒಳ್ಳೆಯದು? ಏನೇನು ತಂದಿಡಬೇಕು? ನೀರಿನ ಟಬ್ ತರಿಸಲೇಬೇಕಾ? ನಾನು ಗಂಡನಾಗಿ ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಏನು? ಬೇಡ ಅನ್ನುವವರು ದಯವಿಟ್ಟು ಕಾರಣ ಕೊಟ್ಟು ಬೇಡ ಅನ್ನಿ.

ನೇರಮಾತು
ಬೇಡ. ಕಾರಣ: ಆಸ್ಪತ್ರೆ ಅಂತ ಕಟ್ಟಿರುವುದು ಯಾಕೆ?

ನಿದ್ದೆಯಿಲ್ಲದಪ್ಪ
ಅದು ಕಾರಣ ಅಲ್ಲ ಸ್ವಾಮಿ, ಇನ್ನೊಂದು ಪ್ರಶ್ನೆ.

ಗುಬ್ಬಚ್ಚಿ
ನನ್ನ ಎರಡನೆಯದೂ ಮೂರನೆಯದೂ ಮನೆಯಲ್ಲೇ ಆದವು. ಹಾಗಾಗಿ ಮೊದಲು ಸಾಮಾನಿನ ಮಾತು.

ರೂಮು ಬಾತ್‌ರೂಮಿಗೆ ಹತ್ತಿರ ಇರಲಿ. ನೋವು ಶುರುವಾದ ಮೇಲೆ ಅರ್ಧ ಹೊತ್ತು ಕಮೋಡಿನ ಮೇಲೇ ಕೂತಿರುತ್ತೀರಿ, ಅಲ್ಲಿ ಕೂತರೆ ಹಾಯೆನಿಸುತ್ತದೆ. ಮಂಚದ ಎರಡೂ ಪಕ್ಕದಲ್ಲಿ ಮಿಡ್‌ವೈಫ್ ಓಡಾಡಲು ಜಾಗ ಬೇಕು, ಗೋಡೆಗೆ ಒತ್ತಿಟ್ಟಿದ್ದರೆ ಈಗಲೇ ಎಳೆದಿಡಿ. ಹಾಸಿಗೆಗೆ ಒಳ್ಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೆಯ ಬೆಡ್‌ಶೀಟ್. ಹೆರಿಗೆ ಆದ ಮೇಲೆ ಮೇಲಿನ ಎರಡನ್ನು ಒಟ್ಟಿಗೆ ಸುತ್ತಿ ಎತ್ತಿಬಿಟ್ಟರೆ ಕೆಳಗೆ ಒಣಗಿದ ಹಾಸಿಗೆ ರೆಡಿ ಇರುತ್ತದೆ. ಆ ಹೊತ್ತಿಗೆ ಬಾಣಂತಿಗೆ ಅದಕ್ಕಿಂತ ದೊಡ್ಡ ಸುಖ ಇಲ್ಲ.

ಬಿಸಾಡುವ ಅಂಡರ್‌ಪ್ಯಾಡ್ ಲೆಕ್ಕಕ್ಕಿಂತ ಜಾಸ್ತಿಯೇ ತನ್ನಿ. ಹಳೆಯ ಟವೆಲ್‌ಗಳನ್ನು ಒಗೆದು ಒಣಗಿಸಿ ಮುಚ್ಚಿಡಿ. ಮಗುವಿಗೆ ಟೊಪ್ಪಿಗೆ. ರೂಮು ಬೆಚ್ಚಗಿರಬೇಕು, 25 ಡಿಗ್ರಿಗೆ ಕಡಿಮೆ ಬೇಡ. ಫ್ಯಾನ್ ಗಾಳಿ ನೇರ ಬೀಳಬಾರದು. ನಿಮಗೆ ಸೆಕೆ ಅನಿಸಿದರೂ ಒದ್ದೆ ಮೈಯಲ್ಲಿ ಹೊರಬರುವ ಮಗುವಿಗೆ ಅದು ಚಳಿಯೇ.

ಲೈಟು ಮಂದ ಇರಲಿ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಹೊಲಿಗೆ ಹಾಕಬೇಕಾಗಿ ಬಂದರೆ ಮಿಡ್‌ವೈಫ್‌ಗೆ ಕಣ್ಣು ಕಾಣಬೇಕಲ್ಲ? ತಲೆಗೆ ಕಟ್ಟಿಕೊಳ್ಳುವ ಟಾರ್ಚು ಒಂದು ತಂದಿಡಿ. ಕರೆಂಟ್ ಹೋದರೂ ಅದೇ ಗತಿ.

ಲೇಬರ್‌ವಾರ್ಡ್_ಅಕ್ಕ
ಸಾಮಾನು ಆಮೇಲೆ. ಮೊದಲು ಈ ಹೆರಿಗೆ ಮನೆಯಲ್ಲಿ ಆಗಬಹುದಾದ ಹೆರಿಗೆಯೇ ಅಂತ ನೋಡಬೇಕು. ನಾನು ಲೇಬರ್ ವಾರ್ಡಿನಲ್ಲೇ ತಲೆ ನರೆಸಿಕೊಂಡವಳು.

ಮಗು ತಲೆಕೆಳಗಾಗಿ ಕೂತಿದೆಯಾ? ಒಂದೇ ಮಗುವಾ? ಹಿಂದೆ ಸಿಸೇರಿಯನ್ ಆಗಿಲ್ಲ ತಾನೇ? ಬಿಪಿ 140/90 ಮುಟ್ಟಿದೆಯಾ? ಸಕ್ಕರೆ ಹೇಗಿದೆ? ಮಾಸು ಗರ್ಭಕೋಶದ ಬಾಯಿಯ ಹತ್ತಿರ ಕೂತಿಲ್ಲ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗಿದೆಯಾ? ಹೋದ ಸಲ ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋಗಿತ್ತಾ, ಮಾಸು ಒಳಗೇ ನಿಂತಿತ್ತಾ? ಹಿಮೋಗ್ಲೋಬಿನ್ ಎಷ್ಟು? ಇದರಲ್ಲಿ ಒಂದು ಕೆಟ್ಟರೂ ಟಬ್ಬಿನ ಮಾತು ಬಿಟ್ಟುಬಿಡಿ.

ಇವತ್ತು ಎಲ್ಲ ಸರಿ ಇದೆ ಅಂತ ಹೆರಿಗೆಯ ದಿನವೂ ಸರಿ ಇರಬೇಕಿಲ್ಲ. 37 ವಾರಕ್ಕೆ ಮುಂಚೆ ನೋವು ಬಂದರೆ ಮನೆ ಬೇಡ. 42 ವಾರ ದಾಟಿದರೂ ಬೇಡ. ನೀರು ಒಡೆದಾಗ ಹಸಿರು ಬಣ್ಣ ಕಂಡರೆ, ಅಂದರೆ ಮಗು ಒಳಗೇ ಮಲ ಮಾಡಿದ್ದರೆ, ಆಗಲೂ ಹೊರಡಬೇಕು. ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ, ಎದೆಯ ಕೆಳಗೆ ಹೊಟ್ಟೆ ಹಿಡಿದರೆ, ನೋವು ಬರುವವರೆಗೆ ಕಾಯುವ ಮಾತೇ ಇಲ್ಲ.

ಸಹಜಬದುಕು
ಇದೆಲ್ಲ ಹೆದರಿಸುವ ಮಾತು ಅಕ್ಕ. ನಮ್ಮ ಅಜ್ಜಿಯರು ಹತ್ತು ಹೆತ್ತರು, ಯಾವ ಸ್ಕ್ಯಾನ್ ಇತ್ತು? ಹೆರಿಗೆ ಕಾಯಿಲೆ ಅಲ್ಲ. ದೇಹಕ್ಕೆ ಎಲ್ಲ ಗೊತ್ತಿರುತ್ತದೆ. ಮಿಡ್‌ವೈಫ್ ಕೂಡ ಬೇಕಾಗಿಲ್ಲ, ಗಂಡ ಹೆಂಡತಿ ಇಬ್ಬರೇ ಸಾಕು. ಎಷ್ಟೊಂದು ವೀಡಿಯೊ ಇವೆ ನೋಡಿ.

ಇರುಳುಹಕ್ಕಿ
ನಿಮ್ಮ ಅಜ್ಜಿ ಹತ್ತು ಹೆತ್ತರು, ಸರಿ. ಎಷ್ಟು ಉಳಿದವು ಅಂತ ಕೇಳಿದ್ದೀರಾ? ನಮ್ಮ ಮನೆಯ ಹಿರಿಯರ ಲೆಕ್ಕದಲ್ಲಿ ಹೆತ್ತದ್ದು ಬೇರೆ, ಉಳಿದದ್ದು ಬೇರೆ. ಹೆರಿಗೆಯಲ್ಲೇ ಹೋದ ಅಜ್ಜಿಯರ ಕಥೆ ಹೇಳಲು ಅವರ ಮೊಮ್ಮಕ್ಕಳೇ ಹುಟ್ಟಲಿಲ್ಲ.

ನೇರಮಾತು
ಇದಕ್ಕೆ ನನ್ನ ಹತ್ತು ಲೈಕು.

ಲೇಬರ್‌ವಾರ್ಡ್_ಅಕ್ಕ
ಸಹಜಬದುಕು ಅವರೇ, ಹೆರಿಗೆ ಕಾಯಿಲೆ ಅಲ್ಲ, ಒಪ್ಪಿದೆ. ಹೆಚ್ಚಿನ ಮಕ್ಕಳು ಹುಟ್ಟಿದ ಅರ್ಧ ನಿಮಿಷದೊಳಗೆ ತಾವಾಗಿಯೇ ಅಳುತ್ತವೆ. ಕೆಲವಕ್ಕೆ ಚೆನ್ನಾಗಿ ಒರೆಸಿ ಬೆನ್ನು ಉಜ್ಜಬೇಕು. ಇನ್ನೂ ಕೆಲವು ಮಕ್ಕಳಿಗೆ, ನೂರರಲ್ಲಿ ನಾಲ್ಕೈದು ಅಂದುಕೊಳ್ಳಿ, ಅದೂ ಸಾಲದು. ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಡಬೇಕು, ಅದನ್ನೂ ಹುಟ್ಟಿದ ಮೊದಲ ನಿಮಿಷದಲ್ಲೇ ಶುರು ಮಾಡಬೇಕು. ವೀಡಿಯೊ ನಿಲ್ಲಿಸಿ ಮತ್ತೆ ನೋಡುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ಎರಡನೇಇನಿಂಗ್ಸ್, ನಿಮ್ಮ ಮಿಡ್‌ವೈಫ್‌ಗೆ ಒಂದು ಪ್ರಶ್ನೆ ಕೇಳಿ: ಮಗು ಅಳಲಿಲ್ಲ, ಅದೇ ಹೊತ್ತಿಗೆ ತಾಯಿಗೆ ರಕ್ತ ಹರಿಯುತ್ತಿದೆ, ಆಗ ಯಾರ ಕೈ ಎಲ್ಲಿ? ಒಬ್ಬರೇ ಬರುತ್ತಾರಾದರೆ ಇದಕ್ಕೆ ಉತ್ತರ ಇಲ್ಲ. ತರಬೇತಿ ಇರುವ ಎರಡನೆಯವರು ಹೆರಿಗೆಯ ಹೊತ್ತಿಗೆ ರೂಮಿನಲ್ಲಿ ಇರಲೇಬೇಕು. ಆ ಎರಡನೆಯವರು ನೀವಲ್ಲ.

ಎರಡನೇಇನಿಂಗ್ಸ್
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೇಳುತ್ತೇನೆ ಅಕ್ಕ.

ಅಂಕಿಸಂಖ್ಯೆ
ಇಂಥ ಚರ್ಚೆಗೆ ಬಂದ ಮೇಲೆ ಲೆಕ್ಕ ಹೇಳದೆ ಹೋಗಲಾರೆ. ಇಂಗ್ಲೆಂಡಿನಲ್ಲಿ ಬರ್ತ್‌ಪ್ಲೇಸ್ ಅನ್ನುವ ದೊಡ್ಡ ಅಧ್ಯಯನ ನಡೆದಿತ್ತು, 2011ರಲ್ಲಿ ಪ್ರಕಟವಾಯಿತು. ಅಪಾಯ ಕಡಿಮೆ ಇರುವ ಸುಮಾರು 64,000 ಹೆರಿಗೆಗಳ ಲೆಕ್ಕ. ಚೊಚ್ಚಲು ಹೆರಿಗೆಯವರಲ್ಲಿ ಮಗುವಿಗೆ ತೀವ್ರ ತೊಂದರೆ ಆದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಎರಡನೇ ಹೆರಿಗೆ, ಅದರ ಮೇಲಿನ ಹೆರಿಗೆಗಳಲ್ಲಿ ಮನೆಗೂ ಆಸ್ಪತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ನೇರಮಾತು
ಅಂದರೆ ಮನೆಯಲ್ಲಿ ಸಾವಿರಕ್ಕೆ 9 ಮಕ್ಕಳು ಸತ್ತವು. ಇನ್ನೇನು ಮಾತು?

ಅಂಕಿಸಂಖ್ಯೆ
ಅಲ್ಲ, ಹಾಗೆ ಓದಬಾರದು. ಆ ಲೆಕ್ಕದಲ್ಲಿ ಇರುವುದು ಸಾವು ಒಂದೇ ಅಲ್ಲ. ಮಿದುಳಿಗೆ ಪೆಟ್ಟು, ಮಲ ಕಲೆತ ನೀರು ಶ್ವಾಸಕೋಶಕ್ಕೆ ಹೋಗುವುದು, ತೋಳಿನ ನರಕ್ಕೆ ಪೆಟ್ಟು, ಹೆಗಲಿನ ಮೂಳೆ ಮುರಿಯುವುದು, ಎಲ್ಲ ಸೇರಿಸಿ ಹಾಕಿದ ಲೆಕ್ಕ. ಸಾವು ಅದರಲ್ಲಿ ಒಂದು ಪಾಲು.

ಗುಬ್ಬಚ್ಚಿ
ನೋಡಿದಿರಾ, ಎರಡನೆಯದಕ್ಕೆ ತೊಂದರೆ ಇಲ್ಲ ಅಂತ ಆಯಿತಲ್ಲ! ನಾನು ಹೇಳುವುದೂ ಅದೇ.

ಅಂಕಿಸಂಖ್ಯೆ
ತಡೆಯಿರಿ ತಾಯಿ, ನಿಮ್ಮ ಕಡೆಗೂ ಪೂರ್ತಿ ವಾಲುವುದಿಲ್ಲ ಅದು. ಆ ಅಧ್ಯಯನದಲ್ಲಿ ಇದ್ದದ್ದು ಆಸ್ಪತ್ರೆಯ ವ್ಯವಸ್ಥೆಯ ಒಳಗೇ ಕೆಲಸ ಮಾಡುವ ಮಿಡ್‌ವೈಫ್‌ಗಳು. ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ, ಆಸ್ಪತ್ರೆ ಬಾಗಿಲು ತೆಗೆದು ಒಳಗೆ ಕರೆದುಕೊಳ್ಳುತ್ತದೆ, ಫೈಲು ಮೊದಲೇ ಅಲ್ಲಿರುತ್ತದೆ. ಆ ವ್ಯವಸ್ಥೆ ಇಲ್ಲದ ಕಡೆ ಆ ಅಂಕಿಯನ್ನು ಮಾತ್ರ ಎತ್ತಿಕೊಂಡು ಬಂದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಅಂಕಿ. ಮನೆಯಲ್ಲಿ ಅಂತ ಶುರುಮಾಡಿದ ಚೊಚ್ಚಲು ಬಸುರಿಯರಲ್ಲಿ 45% ಜನ ಹೆರಿಗೆಗೆ ಮುಂಚೆಯೋ ಆದ ಕೂಡಲೇಯೋ ಆಸ್ಪತ್ರೆಗೆ ಹೋಗಬೇಕಾಯಿತು. ಎರಡನೆಯ ಹೆರಿಗೆ, ಅದರ ಮೇಲಿನವರಲ್ಲಿ ಸುಮಾರು 12%. ಎಂಟರಲ್ಲಿ ಒಬ್ಬರು ಅಂದುಕೊಳ್ಳಿ.

ಚಾಲಕಮಾಮ
ಅಂಕಿಸಂಖ್ಯೆ ಅವರ ಈ ಕೊನೆಯ ಮಾತಿಗೇ ನಾನು ಬರುವುದು. ಆಂಬುಲೆನ್ಸ್ ಓಡಿಸುತ್ತೇನೆ. ಮನೆ ಹೆರಿಗೆಗೆ ತಯಾರಿ ಅಂತ ಜನ ದೀಪ, ಟಬ್ಬು, ಹಾಡು ಎಲ್ಲ ಜೋಡಿಸಿರುತ್ತಾರೆ. ನಮ್ಮ ಸ್ಟ್ರೆಚರ್ ಲಿಫ್ಟಿಗೆ ಹಿಡಿಸುತ್ತದಾ ಅಂತ ಯಾರೂ ಅಳೆದಿರುವುದಿಲ್ಲ.

ಒಂದು ಸಲ ರಾತ್ರಿ ಹೋದಾಗ ಕಟ್ಟಡದ ಗೇಟಿಗೆ ಬೀಗ. ಕೀ ಯಾರ ಹತ್ತಿರ ಇದೆ ಅಂತ ಮನೆಯವರಿಗೂ ಗೊತ್ತಿಲ್ಲ. ಒಳಗೆ ಹೋದರೆ ಮೆಟ್ಟಿಲ ತಿರುವಿನಲ್ಲಿ ಸೈಕಲ್ಲು, ಶೂ ಸ್ಟ್ಯಾಂಡು, ಹೂಕುಂಡ. ಬಾಣಂತಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು, ಹೂಕುಂಡ ಎರಡು ಒಡೆದವು. ಆ ಮನೆಯವರು ಹೂಕುಂಡಕ್ಕೆ ಬೈದದ್ದು ಬೇರೆ ಕಥೆ.

ಹಾಗಾಗಿ ಅಣ್ಣ, ಇವನ್ನು ಮಾಡಿಟ್ಟುಕೊಳ್ಳಿ. ವಿಳಾಸವನ್ನು ಗುರುತಿನ ಸಮೇತ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಫೋನ್ ಪಕ್ಕದಲ್ಲಿ ಅಂಟಿಸಿ, ಗಾಬರಿಯಲ್ಲಿ ಸ್ವಂತ ಮನೆ ನಂಬರೇ ಬಾಯಿಗೆ ಬರುವುದಿಲ್ಲ. ಬ್ಲಡ್ ಗ್ರೂಪೂ ಅದೇ ಚೀಟಿಯಲ್ಲಿ. ಆಸ್ಪತ್ರೆಗೆ ಹಗಲು ಒಮ್ಮೆ, ರಾತ್ರಿ ಒಮ್ಮೆ, ಸಂಜೆ ಟ್ರಾಫಿಕ್ಕಿನಲ್ಲಿ ಒಮ್ಮೆ ಹೋಗಿ ಎಷ್ಟು ಹೊತ್ತಾಗುತ್ತದೆ ನೋಡಿ. ಸಂಜೆಯದ್ದೇ ನಿಜವಾದ ಲೆಕ್ಕ. ಆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಆಪರೇಷನ್ ಮಾಡುವವರು, ಅರಿವಳಿಕೆ ಕೊಡುವವರು, ರಕ್ತ, ಈ ಮೂರೂ ಸಿಗುತ್ತವಾ ಅಂತ ಮೊದಲೇ ಕೇಳಿ. ಹತ್ತಿರದ ಆಸ್ಪತ್ರೆ ಅಂತ ಓಡಿ ಅಲ್ಲಿಂದ ಇನ್ನೊಂದಕ್ಕೆ ಕಳಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಮತ್ತೆ, ಹೆರಿಗೆ ಆದ ಮೇಲೆ ಹೊರಡುವುದಾದರೆ ಮಗುವನ್ನು ತಾಯಿಯ ಎದೆಗೆ ಅಂಟಿಸಿ ಮೇಲೆ ಹೊದಿಸಿ ತನ್ನಿ. ಬೇರೆ ಬುಟ್ಟಿಯಲ್ಲಿ ಮಲಗಿಸಿ ತಂದರೆ ದಾರಿಯಲ್ಲೇ ತಣ್ಣಗಾಗುತ್ತದೆ.

ಗುಬ್ಬಚ್ಚಿ
ಮಾಮ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಸ್ಪತ್ರೆಗೆ ಹೋಗುವುದು ಅಂದರೆ ಪ್ರತಿ ಸಲ ಸೈರನ್ ಹಾಕಿಕೊಂಡು ಓಡುವುದಲ್ಲ. ಜಾಸ್ತಿ ಜನ ಹೋಗುವುದು ಹೆರಿಗೆ ಮುಂದೆ ಸಾಗದೆ ನಿಂತಿದ್ದಕ್ಕೆ, ಇಲ್ಲಾ ನೋವು ತಡೆಯಲಾಗದೆ ಇಂಜೆಕ್ಷನ್ ಬೇಕು ಅನಿಸಿದ್ದಕ್ಕೆ. ಹೊರಡುವುದನ್ನು ಸೋಲು ಅಂತ ಮನೆಯಲ್ಲಿ ಯಾರೂ ಅನ್ನದ ಹಾಗೆ ಮೊದಲೇ ಮಾತಾಡಿಕೊಳ್ಳಿ. "ಇನ್ನು ಸ್ವಲ್ಪ ನೋಡೋಣ" ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. ಮಿಡ್‌ವೈಫ್ ಹೊರಡಿ ಅಂದರೆ ಹೊರಡುವುದು, ಅಷ್ಟೇ.

ಇರುಳುಹಕ್ಕಿ
ರಕ್ತಸ್ರಾವದ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಕಾಯುತ್ತಿದ್ದೇನೆ.

ನನ್ನದು ಎರಡನೇ ಹೆರಿಗೆ, ಮನೆಯಲ್ಲಿ. ಎಲ್ಲ ಸಲೀಸಾಗಿ ಆಯಿತು. ಮಗು ಎದೆಯ ಮೇಲೆ, ಎಲ್ಲರ ಮುಖದಲ್ಲಿ ನಗು. ಮಾಸೂ ಬಿತ್ತು. ಆಮೇಲೆ ಬೆನ್ನ ಕೆಳಗೆ ಬೆಚ್ಚಗೆ ಏನೋ ಹರಿದ ಹಾಗಾಯಿತು. ನೋವು ಏನೂ ಇಲ್ಲ. ನಾನು ಮಗುವನ್ನೇ ನೋಡುತ್ತಿದ್ದೆ. ನಮ್ಮ ಮಿಡ್‌ವೈಫ್ ಮಾತು ನಿಲ್ಲಿಸಿ ಪ್ಯಾಡ್ ಎತ್ತಿ ತಕ್ಕಡಿಯ ಮೇಲೆ ಇಟ್ಟರು. ಸಾಮಾನು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಅದು. ಒಣ ಪ್ಯಾಡಿನ ತೂಕವನ್ನು ಹಿಂದಿನ ವಾರವೇ ತೂಗಿ ಪ್ಯಾಕೆಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟಿದ್ದರು. ಒಂದು ಗ್ರಾಂ ಜಾಸ್ತಿ ಅಂದರೆ ಒಂದು ಮಿಲಿ ರಕ್ತ. 500 ಮಿಲಿ ದಾಟಿದರೆ ಅದನ್ನು ಅತಿ ರಕ್ತಸ್ರಾವ ಅನ್ನುತ್ತಾರೆ. ಕಣ್ಣಳತೆಯಲ್ಲಿ ಎಲ್ಲರೂ ಕಡಿಮೆಯೇ ಅಂದಾಜು ಮಾಡುತ್ತಾರಂತೆ, ಬಟ್ಟೆ ಹೀರಿಕೊಂಡ ರಕ್ತ ಕಾಣುವುದಿಲ್ಲವಲ್ಲ.

ಅವರ ಹತ್ತಿರ ಆಕ್ಸಿಟೋಸಿನ್ ಇತ್ತು, ಗರ್ಭಕೋಶ ಬಿಗಿದುಕೊಳ್ಳಲು ಕೊಡುವ ಇಂಜೆಕ್ಷನ್. ಹುಟ್ಟಿದ ಕೂಡಲೇ ಒಂದು ಕೊಟ್ಟಿದ್ದರು, ಮತ್ತೆ ಕೊಟ್ಟರು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜಿದರು. ಅದು ನಮ್ಮ ಹಣೆಯಷ್ಟು ಗಟ್ಟಿಯಾಗಬೇಕಂತೆ, ನನ್ನದು ಮೆತ್ತಗೇ ಇತ್ತು. ಎರಡನೆಯವರು ಅಷ್ಟರಲ್ಲಿ ಫೋನ್ ಮಾಡಿದ್ದರು. ಆಸ್ಪತ್ರೆ ಹತ್ತಿರವೇ ಇತ್ತು, ಹಾಗಾಗಿ ಇವತ್ತು ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಮನೆ ಹೆರಿಗೆ ವಿರೋಧಿ ಅಲ್ಲ. ಆದರೆ ಮಿಡ್‌ವೈಫ್ ಬ್ಯಾಗಿನಲ್ಲಿ ಏನಿದೆ ಅಂತ ಕೇಳದೆ ಒಪ್ಪಬೇಡಿ.

ಲೇಬರ್‌ವಾರ್ಡ್_ಅಕ್ಕ
ಇರುಳುಹಕ್ಕಿ, ನೀವು ಬರೆದದ್ದು ಒಳ್ಳೆಯದಾಯಿತು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಿತ್ತ ಜಾಗದ ರಕ್ತನಾಳಗಳು ಮುಚ್ಚುವುದು ಗರ್ಭಕೋಶ ಬಿಗಿದುಕೊಂಡರೆ ಮಾತ್ರ. ಅದು ಬಿಗಿಯಲಿಲ್ಲ ಅಂದರೆ ನಲ್ಲಿ ತೆರೆದೇ ಇದೆ ಅಂತ ಅರ್ಥ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಹೆರಿಗೆಯಲ್ಲೂ 10 ಯೂನಿಟ್ ಆಕ್ಸಿಟೋಸಿನ್ ಕೊಡಿ ಅನ್ನುವುದು. ಇದರಲ್ಲೊಂದು ಸೂಕ್ಷ್ಮ ಇದೆ: ಆ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಅದರ ಶಕ್ತಿ ಕುಗ್ಗಿರುತ್ತದೆ. ನಿಮ್ಮ ಫ್ರಿಜ್ಜಿನಲ್ಲಿ ಅದಕ್ಕೊಂದು ಡಬ್ಬಿ ಜಾಗ ಬಿಡಿ.

ಹೆರಿಗೆ ಆಗಿ ಎಲ್ಲರೂ ಹೋದ ಮೇಲೂ ಗಮನ ಇರಲಿ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ತಲೆಸುತ್ತು ಬಂದರೆ, ಎದೆ ಡವಡವ ಅಂದರೆ, ಬೆಳಗಾಗಲಿ ಅಂತ ಕಾಯಬೇಡಿ.

ಪೈಪುರಿಪೇರಿ
ಟಬ್ಬಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಗಾಳಿ ತುಂಬುವ ಹೆರಿಗೆ ಟಬ್ಬಿಗೆ 500 ಲೀಟರ್ ಹಿಡಿದರೆ ಅರ್ಧ ಟನ್ ಭಾರ ಆಯಿತು. ಮೇಲೆ ಜನ ಬೇರೆ. ಮರದ ಅಟ್ಟ, ಹಳೆಯ ಮಹಡಿ ಇದ್ದರೆ ಕೇಳಿ ತಿಳಿದು ಇಡಿ.

ಇನ್ನು ಬಿಸಿನೀರು. ನಿಮ್ಮ ಗೀಸರ್ 25 ಲೀಟರಿನದಾದರೆ ಟಬ್ ತುಂಬುವ ಹೊತ್ತಿಗೆ ಮಗು ನಡೆಯಲು ಕಲಿತಿರುತ್ತದೆ. ಮೊದಲೇ ಒಂದು ದಿನ ಪೂರ್ತಿ ತುಂಬಿ, ಖಾಲಿ ಮಾಡಿ ನೋಡಿ. ಪೈಪು ನಿಮ್ಮ ನಲ್ಲಿಗೆ ಕೂರುತ್ತದಾ, ಖಾಲಿ ಮಾಡುವ ಪಂಪು ಎಲ್ಲಿಗೆ ಸುರಿಯುತ್ತದೆ, ಎಲ್ಲ ನೋಡಿಕೊಳ್ಳಿ. ಕುಡಿಯುವ ನೀರಿಗೆ ಯೋಗ್ಯವಾದ ಹೊಸ ಪೈಪು ತನ್ನಿ, ಗಿಡಕ್ಕೆ ನೀರು ಬಿಡುವ ಹಳೆಯದು ಬೇಡ.

ಲೇಬರ್‌ವಾರ್ಡ್_ಅಕ್ಕ
ಪೈಪುರಿಪೇರಿ ಅಣ್ಣ ಹೇಳಿದ್ದು ಸರಿ. ನೀರು 37.5 ಡಿಗ್ರಿ ದಾಟಬಾರದು, ಥರ್ಮಾಮೀಟರ್ ಇಟ್ಟೇ ನೋಡಬೇಕು. ತಾಯಿಯ ಮೈ ಬಿಸಿಯಾದರೆ ಮಗುವಿನ ಎದೆಬಡಿತ ಏರುತ್ತದೆ. ನೋವು ತಡೆಯಲು ನೀರು ಚೆನ್ನಾಗಿ ಒದಗುತ್ತದೆ, ನಿಜ. ಟಬ್ ಇಲ್ಲದಿದ್ದರೆ ಶವರ್ ಕೆಳಗೆ ಸ್ಟೂಲ್ ಹಾಕಿ ಕೂತರೂ ಸೊಂಟಕ್ಕೆ ಹಿತ.

ನಿದ್ದೆಯಿಲ್ಲದಪ್ಪ
ಗಂಡನ ಕೆಲಸ ಏನು ಅಂತ ಕೇಳಿದ್ದೀರಿ. ಬಿಸಿನೀರು ಕಾಯಿಸುವುದು! ಎಲ್ಲ ಸಿನಿಮಾದಲ್ಲೂ ಹೆರಿಗೆ ಅಂದ ಕೂಡಲೇ ಯಾರೋ ಬಿಸಿನೀರು ತನ್ನಿ ಅಂತ ಕೂಗುತ್ತಾರೆ. ಆ ನೀರಿನಲ್ಲಿ ಏನು ಮಾಡುತ್ತಾರೆ ಅಂತ ಇವತ್ತಿನವರೆಗೂ ಒಬ್ಬರೂ ತೋರಿಸಿಲ್ಲ.

ಸುಮ್ನೆಓದುಗ
ಗಂಡಸರು ಒಳಗೆ ಬರದೆ ಇರಲಿ ಅಂತ ಕೊಡುವ ಕೆಲಸ ಅದು 😄

ಲೇಬರ್‌ವಾರ್ಡ್_ಅಕ್ಕ
ನಗಬೇಡಿ, ಅದಕ್ಕೂ ಉಪಯೋಗ ಇದೆ. ತಲೆ ಹೊರಬರುವ ಹೊತ್ತಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಕೆಳಗೆ ಒತ್ತಿ ಹಿಡಿದರೆ ಅಲ್ಲಿನ ಚರ್ಮ ಆಳವಾಗಿ ಹರಿದುಹೋಗುವುದು ಕಡಿಮೆಯಾಗುತ್ತದೆ. ಇದು ಅಧ್ಯಯನಗಳಲ್ಲೂ ಕಂಡಿದೆ. ಕೈ ಸುಡದಷ್ಟು ಬಿಸಿ ಸಾಕು.

ಉಳಿದಂತೆ ಗಂಡ ಅಲ್ಲಿರುವುದೇ ದೊಡ್ಡ ಕೆಲಸ. ನೋವು ಬಂದಾಗ ಸೊಂಟ ಒತ್ತಿ, ಮಧ್ಯೆ ಮಧ್ಯೆ ಗುಟುಕು ನೀರು ಕೊಡಿ, ಮೂತ್ರ ಮಾಡಲು ನೆನಪಿಸಿ. ತುಂಬಿದ ಮೂತ್ರಚೀಲ ಮಗುವಿನ ದಾರಿಗೂ ಅಡ್ಡ, ಆಮೇಲೆ ಗರ್ಭಕೋಶ ಬಿಗಿಯುವುದಕ್ಕೂ ಅಡ್ಡ. ಫೋನಿನಲ್ಲಿ ನೆಂಟರಿಗೆ ಕ್ಷಣಕ್ಷಣದ ಸುದ್ದಿ ಕೊಡುತ್ತಾ ಕೂರಬೇಡಿ.

ನಿದ್ದೆಯಿಲ್ಲದಪ್ಪ
ಸುದ್ದಿ ಕೊಟ್ಟರೆ ಅರ್ಧ ಗಂಟೆಯಲ್ಲಿ ನೆಂಟರೇ ಬಂದು ಹಾಲ್‌ನಲ್ಲಿ ಕೂರುತ್ತಾರೆ. ಅನುಭವದ ಮಾತು.

ಮೂರುಮಕ್ಕಳತಾಯಿ
ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಇದನ್ನು ಯಾರೂ ಕೇಳಲಿಲ್ಲ. ಅದಕ್ಕೆಂದೇ ಒಬ್ಬರು ದೊಡ್ಡವರು ಮನೆಯಲ್ಲಿ ಇರಬೇಕು. ಅಮ್ಮ ಕೂಗಿದರೆ ಆ ಮಗುವಿಗೆ ಭಯವಾಗುತ್ತದೆ, ಆ ಮಗು ಅತ್ತರೆ ಅಮ್ಮನ ಗಮನ ಅತ್ತ ಹೋಗುತ್ತದೆ. ನಾಯಿ ಬೆಕ್ಕು ಇದ್ದರೆ ಅವಕ್ಕೂ ಬೇರೆ ವ್ಯವಸ್ಥೆ.

ಇನ್ನೊಂದು ವಿಷಯ. ಹೊಕ್ಕುಳಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸಬೇಡಿ ಅಂತಾರೆ, ನಿಜವಾ?

ಲೇಬರ್‌ವಾರ್ಡ್_ಅಕ್ಕ
ನಿಜ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ 1ರಿಂದ 3 ನಿಮಿಷ ಕಾಯುತ್ತಾರೆ. ಆ ಹೊತ್ತಿನಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಸೇರುತ್ತದೆ, ಮುಂದೆ ಕಬ್ಬಿಣದ ಕೊರತೆ ಕಡಿಮೆ. ಕತ್ತರಿಸುವ ಬ್ಲೇಡು, ಕಟ್ಟುವ ಕ್ಲಿಪ್ಪು ಸ್ಟೆರೈಲ್ ಪ್ಯಾಕಿನವೇ ಆಗಬೇಕು. ತಾಯಿಗೆ ಟೆಟನಸ್ ಚುಚ್ಚುಮದ್ದು ಆಗಿದೆಯಾ ನೋಡಿ. ಹೊಕ್ಕುಳಿಗೆ ಬೂದಿ, ಎಣ್ಣೆ, ಪುಡಿ ಏನನ್ನೂ ಹಚ್ಚಬೇಡಿ, ಒಣಗಲು ಬಿಡಿ. ಸ್ನಾನ 24 ಗಂಟೆ ಆದ ಮೇಲೆ. ಮೊದಲ ಗಂಟೆ ಮಗು ಅಮ್ಮನ ಬರಿಮೈಗೆ ಅಂಟಿಕೊಂಡಿರಲಿ, ಗಿಣ್ಣು ಹಾಲು ಅದೇ ಗಂಟೆಯಲ್ಲಿ ಕುಡಿಯಲಿ.

ಮನೆ ಹೆರಿಗೆಯಲ್ಲಿ ತಪ್ಪಿಹೋಗುವುದು ಇವು: ವಿಟಮಿನ್ ಕೆ ಚುಚ್ಚುಮದ್ದು, ಹಿಮ್ಮಡಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆ, ಕಿವಿಯ ಪರೀಕ್ಷೆ. ತಾಯಿಯ ಬ್ಲಡ್ ಗ್ರೂಪ್ ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಅನ್ನುವ ಚುಚ್ಚುಮದ್ದು ಕೊಡಬೇಕು. ಹುಟ್ಟಿದ 24 ಗಂಟೆಯೊಳಗೇ ಮೈ ಹಳದಿಯಾದರೆ ಬಿಸಿಲಿಗೆ ಹಿಡಿದು ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಜನನ ನೋಂದಣಿಗೆ ಯಾರ ಸಹಿ, ಯಾವ ಕಾಗದ ಬೇಕು ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ, ಹಸಿ ಮಗು ಇಟ್ಟುಕೊಂಡು ಕಚೇರಿ ಸುತ್ತುವುದು ಬೇಡ.

ಸಹಜಬದುಕು
ಇಷ್ಟೆಲ್ಲ ಪಟ್ಟಿ ಮಾಡಿದರೆ ಮನೆಯೇ ಆಸ್ಪತ್ರೆ ಆಯಿತಲ್ಲ. ಮತ್ತೆ ಮನೆಯಲ್ಲಿ ಹೆರುವುದು ಯಾಕೆ?

ನೇರಮಾತು
ಮೊದಲ ಸಲ ನಿಮ್ಮ ಮಾತಿಗೆ ನನ್ನ ಒಪ್ಪಿಗೆ. ಕಾರಣ ಮಾತ್ರ ಉಲ್ಟಾ.

ಆ_ಹೆಂಡತಿ_ನಾನೇ
ಮೇಲೆ ಎಲ್ಲರೂ ಮಾತಾಡುತ್ತಿರುವ ಆ ಬಸುರಿ ನಾನು. ಯಜಮಾನರು ಎರಡು ದಿನದಿಂದ ಫೋನ್ ಹಿಡಿದು ಕೂತದ್ದು ನೋಡಿ ಏನು ಅಂತ ಇಣುಕಿದೆ. ಎಲ್ಲ ಓದಿದೆ. ಅಕ್ಕನಿಗೂ ಇರುಳುಹಕ್ಕಿ ಅವರಿಗೂ ಥ್ಯಾಂಕ್ಸ್.

ಎರಡು ವಿಷಯ ಹೇಳಬೇಕು. ಒಂದು, ನನಗೆ ಟಬ್ ಬೇಡ, ಅದು ಇವರ ಐಡಿಯಾ. ಎರಡು, ನನಗೆ ಬೇಕಾದದ್ದು ಮನೆಯ ಗೋಡೆ ಅಲ್ಲ. ಇವರು ಪಕ್ಕದಲ್ಲಿ ಇರಬೇಕು. ಓಡಾಡಲು ಬಿಡಬೇಕು. ಮಲಗಿಸಿ ಕಾಲು ಕಟ್ಟಬಾರದು. ಯಾರು, ಯಾಕೆ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಹೇಳಿ ಮಾಡಬೇಕು. ಹೋದ ಸಲ ಇದರಲ್ಲಿ ಒಂದೂ ಸಿಗಲಿಲ್ಲ, ಅದಕ್ಕೇ ಮನೆ ಅಂದೆ. ಮೊನ್ನೆ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಬಂದಿದೆ. ಇದನ್ನು ಇವರು ಇಲ್ಲಿ ಬರೆದೇ ಇಲ್ಲ.

ಎರಡನೇಇನಿಂಗ್ಸ್
ಬರೆಯುವವನಿದ್ದೆ…

ನಿದ್ದೆಯಿಲ್ಲದಪ್ಪ
ಇನಿಂಗ್ಸ್ ಅಣ್ಣ ಕ್ಲೀನ್ ಬೌಲ್ಡ್.

ಲೇಬರ್‌ವಾರ್ಡ್_ಅಕ್ಕ
ಬಾಮ್ಮ ತಂಗಿ, ನೀನು ಬಂದದ್ದು ಒಳ್ಳೆಯದಾಯಿತು. 9.2 ಅಂದರೆ ರಕ್ತ ಕಡಿಮೆಯೇ. ಬಸುರಿಗೆ 11 ಇರಬೇಕು. ಇಂಗ್ಲೆಂಡಿನ ಮಾರ್ಗಸೂಚಿಯಲ್ಲಿ ನೋವು ಶುರುವಾಗುವ ಹೊತ್ತಿಗೆ 8.5ಕ್ಕಿಂತ ಕಡಿಮೆ ಇದ್ದರೆ ನೇರ ಆಸ್ಪತ್ರೆ, 8.5ರಿಂದ 10.5 ಇದ್ದರೆ ಒಬ್ಬೊಬ್ಬರನ್ನೂ ನೋಡಿ ತೀರ್ಮಾನ. ಬೇರೆಯವರಿಗೆ ಅರ್ಧ ಲೀಟರ್ ಹೋದರೆ ತಡೆದುಕೊಳ್ಳುತ್ತಾರೆ, ನಿನಗೆ ಅಷ್ಟೇ ರಕ್ತ ಹೋದರೂ ಕಣ್ಣು ಕತ್ತಲೆ ಬರಬಹುದು. ಇನ್ನೂ ಎರಡು ತಿಂಗಳು ಇದೆ, ಏರಿಸಬಹುದು. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡ, ನಡುವೆ ಗಂಟೆಗಳ ಅಂತರ ಇರಲಿ. ಕಾಫಿ ಟೀ ಜೊತೆಗೂ ಬೇಡ. ಮಲ ಕಪ್ಪಾದರೆ ಹೆದರಬೇಡ. ಮಾತ್ರೆ ಒಗ್ಗದಿದ್ದರೆ ಡ್ರಿಪ್‌ನಲ್ಲಿ ಕೊಡುವುದೂ ಇದೆ, ವೈದ್ಯರನ್ನು ಕೇಳು.

ನಿನ್ನ ಪಟ್ಟಿ ಇದೆಯಲ್ಲ, ಅದರಲ್ಲಿ ಒಂದೂ ಅತಿಯಾದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಆರೈಕೆಗೆ 56 ಶಿಫಾರಸು ಕೊಟ್ಟಿದೆ. ಬೇಕಾದವರು ಪಕ್ಕದಲ್ಲಿ ಇರುವುದು, ಓಡಾಡುವುದು, ಇಷ್ಟ ಬಂದ ಭಂಗಿಯಲ್ಲಿ ಹೆರುವುದು ಎಲ್ಲ ಅದರಲ್ಲಿದೆ. ಒಳಪರೀಕ್ಷೆ ಎಲ್ಲ ಸರಿಯಿದ್ದರೆ ನಾಲ್ಕು ಗಂಟೆಗೊಮ್ಮೆ ಸಾಕು ಅಂತಲೂ ಇದೆ. ಗಳಿಗೆಗೊಬ್ಬರು ಬಂದು ನೋಡಿದ್ದು ಅಗತ್ಯಕ್ಕಲ್ಲ, ಅಭ್ಯಾಸಕ್ಕೆ. ನಮ್ಮವರ ಪರವಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಎರಡು ಮೂರು ಕಡೆ ಹೋಗಿ ಕೇಳು. ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರ ನಿಮ್ಮಲ್ಲಿ ಇದ್ದರೆ ಅಲ್ಲೂ ವಿಚಾರಿಸು.

ಗುಬ್ಬಚ್ಚಿ
ಆಸ್ಪತ್ರೆಯವರು ಕೇಳಿದಾಗ ಹೂಂ ಅನ್ನುತ್ತಾರೆ, ಆ ದಿನ ಡ್ಯೂಟಿಯಲ್ಲಿ ಯಾರಿರುತ್ತಾರೋ ಅವರು ಉಹೂಂ ಅನ್ನುತ್ತಾರೆ. ಬರೆಸಿಕೊಂಡು ಫೈಲಿಗೆ ಹಾಕಿಸಿ ತಂಗಿ.

ಇರುಳುಹಕ್ಕಿ
ಅದು ನಿಜ. ನಿಮ್ಮ ಮಿಡ್‌ವೈಫನ್ನೇ ಜೊತೆಗೆ ಒಳಗೆ ಬಿಡುತ್ತಾರಾ ಕೇಳಿ. ಕೆಲವು ಕಡೆ ಬಿಡುತ್ತಾರೆ.

ಆ_ಹೆಂಡತಿ_ನಾನೇ
ಕೇಳುತ್ತೇವೆ. ಮುಂದಿನ ರಕ್ತಪರೀಕ್ಷೆವರೆಗೆ ಎರಡೂ ಕಡೆಯ ತಯಾರಿ ನಡೆಯಲಿ ಅಂತ ಮಾತಾಡಿಕೊಂಡಿದ್ದೇವೆ. 10.5 ದಾಟದಿದ್ದರೆ ಮನೆಯ ಮಾತು ಬಿಟ್ಟೆವು, ಇದನ್ನು ನಾನೇ ಹೇಳಿದ್ದೇನೆ. ಮಿಡ್‌ವೈಫ್‌ಗೆ ಇವತ್ತೇ ಫೋನ್ ಮಾಡಿದೆವು. ಎರಡನೆಯವರು ಬರುತ್ತಾರಂತೆ, ಬ್ಯಾಗ್ ಮತ್ತು ಮಾಸ್ಕ್ ಎರಡೂ ಇದೆಯಂತೆ. ಆಕ್ಸಿಟೋಸಿನ್ ಎಲ್ಲಿಡುತ್ತೀರಿ ಅಂದದ್ದಕ್ಕೆ "ಇದನ್ನೆಲ್ಲ ಯಾರು ಹೇಳಿಕೊಟ್ಟರು" ಅಂತ ನಕ್ಕರು.

ಚಾಲಕಮಾಮ
ಲಿಫ್ಟ್ ಅಳತೆ ನೋಡಿದಿರಾ?

ಎರಡನೇಇನಿಂಗ್ಸ್
ನೋಡಿದೆ ಮಾಮ. ಸ್ಟ್ರೆಚರ್ ಹಿಡಿಸುವುದಿಲ್ಲ, ಕುರ್ಚಿ ಹಿಡಿಸುತ್ತದೆ. ಮೆಟ್ಟಿಲ ಮೇಲಿದ್ದ ಸೈಕಲ್ಲನ್ನು ಪಕ್ಕದ ಮನೆಯವರು ತೆಗೆಯಲು ಒಪ್ಪಿದ್ದಾರೆ. ಯಾಕೆ ಅಂತ ಹೇಳಿಲ್ಲ, ಹೇಳಿದರೆ ನೂರು ಸಲಹೆ ಬರುತ್ತವೆ.

ಪೈಪುರಿಪೇರಿ
ಹಾಗಾದರೆ ಟಬ್ ಬುಕ್ ಮಾಡಿದ್ದರೆ ಕ್ಯಾನ್ಸಲ್ ಮಾಡಿ. ಅಂದ ಹಾಗೆ 25 ಲೀಟರ್ ಗೀಸರ್ ಚಿಕ್ಕದಾಯಿತು ಅನ್ನುವವರು 50ರದ್ದು ಹಾಕಿಸುವ ಮುಂಚೆ ಗೋಡೆ ಗಟ್ಟಿ ಇದೆಯಾ ನೋಡಿ. ಮೊನ್ನೆ ಒಂದು ಕಡೆ…

ನಿರ್ವಾಹಕ
ಗೀಸರ್ ಚರ್ಚೆಗೆ ಬೇರೆ ಎಳೆ ಇದೆ ಅಣ್ಣ, ಅಲ್ಲಿಗೆ ಬನ್ನಿ.